ಎರಡು ಗೋಡೆ, ನಲವತ್ತೊಂದು ಹಂದಿ, ಒಂದು ಮೀಸೆ

ಇದು ನಡೆದದ್ದು. ನೇಮಕಲ್ಲು ಆಂಜನೇಯನ ಆಣೆ, ಕೈಯಲ್ಲಿರುವ ಈ ಕತ್ತರಿಯ ಆಣೆ. ಇದರಲ್ಲಿ ಎಳ್ಳುಕಾಳಷ್ಟು ಸುಳ್ಳಿದ್ದರೆ ನಾಳೆಯಿಂದ ರಾಯದುರ್ಗದಲ್ಲಿ ಒಬ್ಬರ ತಲೆಯಲ್ಲೂ ಕೂದಲು ಬೆಳೆಯದಿರಲಿ, ಈ ಅಂಗಡಿಗೆ ಬೀಗ ಬೀಳಲಿ. ಕೂತುಕೊಳ್ಳಿ. ಕುತ್ತಿಗೆಗೆ ಬಟ್ಟೆ ಸುತ್ತಿದ್ದಾಯಿತು. ತಲೆ ಮಾತ್ರ ಅಲ್ಲಾಡಿಸಬೇಡಿ, ಯಾಕೆಂದರೆ ಮಾತು ಜೋರಾದಾಗ ಕೈಯೂ ಜೋರಾಗುತ್ತದೆ.

ಡಿ. ಹಿರೇಹಾಳದಿಂದ ಬಳ್ಳಾರಿ ಕಡೆ ಹೋದರೆ ಗಡಿಗೆ ಅಂಟಿಕೊಂಡು ಕರಿಗುಡ್ಡ ಅಂತ ಒಂದು ಊರು. ಅಲ್ಲಿ ಕೋಳಿ ಆಂಧ್ರದಲ್ಲಿ ಮೊಟ್ಟೆ ಇಟ್ಟು ಕರ್ನಾಟಕಕ್ಕೆ ಹೋಗಿ ಕೂಗುತ್ತದೆ. ಫೋನಿನಲ್ಲಿ ಮಾತಾಡುತ್ತಾ ಎಮ್ಮೆ ಹಿಂದೆ ನಾಲ್ಕು ಹೆಜ್ಜೆ ಹಾಕಿದರೆ ಬೇರೆ ರಾಜ್ಯದ ಸಿಗ್ನಲ್ಲು ಬಂದು ಸ್ವಾಗತ ಹೇಳುತ್ತದೆ. ಆ ಊರಿಗೆ, ಇಪ್ಪತ್ತಾರು ವರ್ಷ ಮಿಲಿಟರಿಯಲ್ಲಿ ಕಳೆದು, ಚಂದ್ರಮೋಹನ್ ವಾಪಸು ಬಂದ. ಬಸ್ಸಿನಿಂದ ಮೊದಲು ಮೀಸೆ ಇಳಿಯಿತು. ಸ್ವಲ್ಪ ಹೊತ್ತು ಬಿಟ್ಟು ಚಂದ್ರಮೋಹನ್ ಇಳಿದ.

ಅಂಥ ಮೀಸೆ ಅದು. ಊರ ಮುಂದಿನ ಗಡಿ ಕಲ್ಲಿನ ಮೇಲೆ ಅವನು ಕೂತರೆ ಒಂದು ತುದಿ ಆಂಧ್ರದಲ್ಲಿ, ಇನ್ನೊಂದು ತುದಿ ಕರ್ನಾಟಕದಲ್ಲಿ. ಎರಡೂ ಕಡೆ ಮಳೆ ಬೇರೆ ಬೇರೆ ಹೊತ್ತಿಗೆ ಬರುವುದರಿಂದ ಒಂದು ಕಡೆ ಒದ್ದೆ, ಒಂದು ಕಡೆ ಒಣಗಿದ್ದು. ಬೆಳಗ್ಗೆ ಎದ್ದು ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ತಿರುವಿ, ನಿಲ್ಲಿಸುವಷ್ಟರಲ್ಲಿ ಊರಿನವರ ನಾಷ್ಟಾ ಮುಗಿದಿರುತ್ತಿತ್ತು.

ಅವನಿಗೆ ಆ ಮೀಸೆ ಬೇಕಿತ್ತು ಕೂಡ. ಯಾಕೆಂದರೆ ಮಿಲಿಟರಿಯಲ್ಲಿ ಅವನಿದ್ದದ್ದು ಅಡುಗೆ ಮನೆಯಲ್ಲಿ. ಹಿಮದ ಗುಡ್ಡದ ಮೇಲಿನ ಬಂಕರಿಗೆ ಬೇಳೆ, ರೊಟ್ಟಿ ಮಾಡಿ ಕಳಿಸುತ್ತಿದ್ದವನು. ಊರಿಗೆ ಇದು ಗೊತ್ತಿತ್ತು. ಮೀಸೆ ನೋಡಿದಾಗ ಮಾತ್ರ ಊರು ಅದನ್ನು ಮರೆಯುತ್ತಿತ್ತು. ಹೆಗಲ ಮೇಲಿನ ಪಟ್ಟಿ, ಬೂಟು, ಟೋಪಿ ಎಲ್ಲವನ್ನೂ ಸರ್ಕಾರ ವಾಪಸು ತಗೊಂಡಿತ್ತು. ಸಿಪಾಯಿ ಅನ್ನಿಸಿಕೊಳ್ಳೋಕೆ ಅವನಿಗೆ ಉಳಿದದ್ದು ಮೂಗಿನ ಕೆಳಗಿನ ಅದೊಂದೇ.

"ಅತ್ತಿಗಿ, ನಮ್ಮ ಬಂಕರ್ ಎಷ್ಟು ಗಟ್ಟಿ ಅಂದ್ರ, ಇಪ್ಪತ್ತಾರು ವರ್ಷ ಶತ್ರು ಆ ಕಡಿ ಮುಖ ಹಾಕಿ ಮಲಗ್ಲಿಲ್ರಿ," ಅಂತ ಅವನು ಜಗಲಿಯ ಮೇಲೆ ಕೂತು ಹೇಳುತ್ತಿದ್ದ.

"ಬಂಕರ್ ನೋಡಿ ಬರ್ಲಿಲ್ಲೋ, ನಿನ್ನ ಸಾರು ಕುಡದು ಬರ್ಲಿಲ್ಲೋ?" ಅನ್ನುತ್ತಿದ್ದಳು ಅತ್ತಿಗೆ ಮೈಲಾರಮ್ಮ.

ಮೈಲಾರಮ್ಮ ಅಂದರೆ ಅವನ ಅಣ್ಣನ ಹೆಂಡತಿ. ಅಣ್ಣ ಬಳ್ಳಾರಿ ಕಡೆ ಕೆಲಸಕ್ಕೆ ಹೋಗಿ ಹದಿನೈದು ದಿನಕ್ಕೊಮ್ಮೆ ಬರುವವನು. ನಾಲ್ಕು ಎಕರೆ ಶೇಂಗಾ ಹೊಲ ನೋಡಿಕೊಳ್ಳುವುದು ಇವಳೇ. ಹೊಲದ ಪಡುವಣದ ಬದುವೇ ರಾಜ್ಯದ ಗಡಿ. ಬದು ದಾಟಿದರೆ ನಲವತ್ತು ಅಡಿ ಅಗಲದ ಬಳ್ಳಾರಿ ಜಾಲಿಯ ಪೊದೆ, ಕೈ ಹಾಕಿದರೆ ಕೈ ವಾಪಸು ಬಾರದಂಥ ಮುಳ್ಳು. ಆ ಜಾಗ ಯಾರದು ಅಂತ ಎರಡೂ ಕಡೆಯ ಸರ್ವೆಯವರು ಸರಪಳಿ ಹಿಡಿದು ಬಂದು, ಮುಳ್ಳು ನೋಡಿ, "ಅದು ಅವರದು" ಅಂತ ಬರೆದುಕೊಂಡು ಹೋಗಿದ್ದರು. ಪೊದೆಯ ಆಚೆಗೆ ಕರ್ನಾಟಕ. ಅಲ್ಲಿನ ಮೊದಲ ಹೊಲ ಮೈಲಾರಮ್ಮನ ಸ್ವಂತ ತಮ್ಮ ಈಶ್ವರ್‌ನದು.

ಈಗ ಹಂದಿಯ ವಿಷಯ. ಕಾಡುಹಂದಿ ಶೇಂಗಾ ಹೊಲಕ್ಕೆ ನುಗ್ಗಿದರೆ ನೇಗಿಲು ಬೇಕಾಗಿಲ್ಲ, ಅಷ್ಟು ಚೆನ್ನಾಗಿ ಉತ್ತು ಹೋಗುತ್ತದೆ. ಕಾಯಿ ಮಾತ್ರ ಒಂದೂ ಬಿಡುವುದಿಲ್ಲ. ಕರಿಗುಡ್ಡದವರ ಪ್ರಕಾರ ಅವೆಲ್ಲ ಕರ್ನಾಟಕದ ಹಂದಿಗಳು. ಆಚೆಯವರ ಪ್ರಕಾರ ಅವೆಲ್ಲ ಆಂಧ್ರದ ಹಂದಿಗಳು. ಅರಣ್ಯದವರಿಗೆ ದೂರು ಕೊಟ್ಟರೆ ಬಂದವನು ಕಾಲಿನ ಗುರುತು ಬಗ್ಗಿ ನೋಡಿ, "ಅವಿ ಕರ್ಣಾಟಕ ಪಂದುಲಮ್ಮಾ," ಅಂದು ಮಜ್ಜಿಗೆ ಕುಡಿದು ಹೋದ. ಹಂದಿ ಯಾವ ರಾಜ್ಯದ್ದು ಅಂತ ಗೊರಸಿನಲ್ಲಿ ಹೇಗೆ ಬರೆದಿರುತ್ತದೋ ಅವನಿಗೇ ಗೊತ್ತು. ಈ ವಿಷಯಕ್ಕೇ ಮೈಲಾರಮ್ಮನಿಗೂ ತಮ್ಮನಿಗೂ ಫೋನಿನಲ್ಲಿ ಜಗಳವಾಗಿತ್ತು.

"ನಿಮ್ಮ ಹಂದಿ ಬಂದು ನಿನ್ನ ಅಕ್ಕನ ಹೊಲ ತಿಂದು ಹೋಗ್ಯಾವು, ನಾಚಿಗಿ ಆಗಂಗಿಲ್ಲೇನು?"

"ನಮ್ಮ ಹಂದಿ? ಅಕ್ಕ, ನಿಮ್ಮ ಹಂದಿ ನಮ್ಮ ಹೊಲದಾಗ ಬಾಣಂತನ ಮಾಡ್ಕೊಂಡು ಹೋದ್ವು!"

ಅಂದಿನಿಂದ ಮಾತು ಬಂದ್.

ಮೈಲಾರಮ್ಮನ ಯುದ್ಧಪದ್ಧತಿ ಹಳೆಯದು. ಹಳೆ ಸೀರೆಗಳನ್ನು ಗೂಟಕ್ಕೆ ಕಟ್ಟಿ ಹೊಲದ ಸುತ್ತ ಎಳೆಯುವುದು. ಆಮೇಲೆ ರಾಯದುರ್ಗದ ಒಂದು ಕಟಿಂಗ್ ಅಂಗಡಿಯಿಂದ, ಹೌದು, ಇದೇ ಅಂಗಡಿಯಿಂದಲೇ, ಚೀಲದಲ್ಲಿ ಕೂದಲು ತುಂಬಿಕೊಂಡು ಹೋಗಿ ಬದುವಿನ ಮೇಲೆ ಉದುರಿಸುವುದು. ಹಂದಿಗೆ ಕಣ್ಣಿಗಿಂತ ಮೂಗು ಮುಂದೆ. ನೆಲ ಮೂಸುತ್ತಾ ಬರುವಾಗ ಕೂದಲು ಮೂಗಿನೊಳಗೆ ಹೋದರೆ ಸೀನಿ ಸೀನಿ ಸುಸ್ತಾಗಿ ತಿರುಗುತ್ತದೆ. ಗಾಳಿ ಬಂದರೆ ಕೂದಲು ಹಾರಿಹೋಗುತ್ತದೆ, ಮತ್ತೆ ತರಬೇಕು. ಪೂರ್ತಿ ಗೆಲ್ಲುವುದಿಲ್ಲ, ಪೂರ್ತಿ ಸೋಲುವುದೂ ಇಲ್ಲ.

ಚಂದ್ರಮೋಹನ್ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಸೀರಿ ಕಟ್ಟಿ ಗಡಿ ಕಾಯ್ತೀರೇನ್ರಿ ಅತ್ತಿಗಿ? ಗಡಿಗೆ ಗ್ವಾಡಿ ಬೇಕ್ರಿ, ಗ್ವಾಡಿ! ಗ್ವಾಡಿಯೊಳಗ ಬಂಕರ್ ಬೇಕು. ಒಂದ್ಸಲ ಕಟ್ಟಿದ್ರ ಮುಗೀತು, ಶತ್ರು ಬಂದು ತಲಿ ಗುದ್ದಿಕೊಂಡು ವಾಪಸ್ ಹೋಗ್ತಾನ."

"ಶತ್ರು ಸುತ್ತಾಕಿ ಬಂದ್ರ?"

"ಶತ್ರು ಎದುರಿಗೇ ಬರ್ತಾನ್ರಿ. ಅದು ಯುದ್ಧದ ನಿಯಮ."

"ಹಂದಿಗೆ ಹೇಳೀಯೇನು ಆ ನಿಯಮ?"

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಚಂದ್ರಮೋಹನ್‌ಗೆ ಮೀಸೆಯ ಬುಡದಲ್ಲಿ ಕಾವು ಹತ್ತಿತು. ಎದ್ದು ನಿಂತ.

"ಕೇಳ್ರಿ ಎಲ್ಲಾರೂ. ನಾನು ಗ್ವಾಡಿ ಕಟ್ಟಸ್ತೀನಿ. ಕಾಯಿ ಕೀಳೂತನ ಅತ್ತಿಗಿ ಹೊಲದಾಗ ಒಂದ ಒಂದು ಹಂದಿ ನನ್ನ ಕಣ್ಣಿಗೆ ಬಿದ್ರ, ಈ ಮೀಸಿ ಬೋಳಸ್ಕೊಂಡು ಅತ್ತಿಗಿ ಕೈಗೆ ಕೊಡ್ತೀನಿ. ಬದುವಿನ ಮ್ಯಾಲ ಉದುರಿಸ್ಕೊಳ್ಳಿ!"

"ಆಣಿ?"

"ಸಿಪಾಯಿ ಮಾತ್ರಿ!"

ಮೈಲಾರಮ್ಮ ಮೀಸೆಯನ್ನು ಒಂದು ಸಲ ಕಣ್ಣಳತೆ ಮಾಡಿದಳು. "ಅರ್ಧ ಎಕರೆಗೆ ಸಾಕಾಗ್ತೈತಿ," ಅಂದು ಒಳಗೆ ಹೋದಳು.

ಗೋಡೆಗೆ ಆಳು ಬೇಕಲ್ಲ. ಸುಣ್ಣವಿಲ್ಲದೆ, ಸಿಮೆಂಟಿಲ್ಲದೆ, ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ನಿಲ್ಲಿಸುವುದರಲ್ಲಿ ಮಡಕಶಿರಾ ಕಡೆಯ ಚಿತ್ತಪ್ಪನನ್ನು ಮೀರಿಸುವವರಿಲ್ಲ ಅಂತ ಸುದ್ದಿ. ಸಿದ್ದಪ್ಪನ ಗುಡಿ ಇರುವ ಹೇಮಾವತಿ ಊರಿನ ಹತ್ತಿರದವನು. ಅವನು ಕಲ್ಲನ್ನು ಎತ್ತುವ ಮೊದಲು ಅದರ ಜೊತೆ ಮಾತಾಡುತ್ತಾನಂತೆ. ಕಲ್ಲು ಎಲ್ಲಿ ಕೂರಬೇಕು ಅಂತ ಕಲ್ಲೇ ಹೇಳುತ್ತದಂತೆ. ಕರೆ ಹೋಯಿತು. ಚಿತ್ತಪ್ಪ ಬಂದ, ಹೆಗಲ ಮೇಲೆ ಸುತ್ತಿಗೆ, ಬಾಯಲ್ಲಿ ಎಲೆ ಅಡಿಕೆ. ಬದುವಿನ ಮೇಲೆ ನಿಂತು ಜಾಲಿ ಪೊದೆಯ ಕಡೆ ನೋಡಿ ಯಾಕೋ ಸ್ವಲ್ಪ ಹೊತ್ತು ಅಗಿಯುವುದನ್ನೇ ನಿಲ್ಲಿಸಿದ.

"ಇಲ್ಲೇ ಕಟ್ಬೇಕಾ ಸಾಮಿ? ಇಲ್ಲೇನಾ?"

"ಇಲ್ಲೇ. ಆ ದೊಡ್ಡ ಗುಂಡುಕಲ್ಲಿನಿಂದ ಹಿಡಿದು ಈ ಹಳ್ಳದ ತನಕ. ಆರು ಅಡಿ ಎತ್ತರ, ನಾಲ್ಕು ಅಡಿ ದಪ್ಪ. ಮತ್ತ ಕೇಳು ಚಿತ್ತಪ್ಪ, ಇದು ಮಿಲಿಟರಿ ಕೆಲಸ. ಯಾರಿಗೂ ಒಂದು ಮಾತು ಹೊರಗ ಹೋಗಬಾರದು. ಆ ಕಡಿಯವರಿಗೆ ಅಂತೂ ಬ್ಯಾಡ."

"ಅಯ್ಯೋ, ನನ್ ಬಾಯಾಗೆ ಎಲೆ ಅಡಿಕೆ ಬುಟ್ರೆ ಇನ್ನೇನೂ ಇರಾಕಿಲ್ಲ ಸಾಮಿ. ಒಬ್ಬರ ಗ್ವಾಡೆ ಸುದ್ದಿ ಇನ್ನೊಬ್ರಿಗೆ ಯೋಳದು ನಮ್ ವಂಶ್ದಾಗೇ ಇಲ್ಲ. ಹೇಮಾವತಿ ಸಿದ್ದಪ್ಪನ ಆಣೆ," ಅಂದ ಚಿತ್ತಪ್ಪ. ಅಂದವನು ಕಲ್ಲು ಎತ್ತಿದ.

ಇಪ್ಪತ್ತೆಂಟು ದಿನಕ್ಕೆ ಗೋಡೆ ಎದ್ದಿತು. ಅದು ಎಷ್ಟು ಗಟ್ಟಿ ಅಂದರೆ ಗಾಳಿ ಕೂಡ ಅನುಮತಿ ಕೇಳಿ ದಾಟುತ್ತಿತ್ತು. ಅದರ ಮೇಲೆ ಕೂತ ಕಾಗೆ ಕೆಳಗೆ ನೋಡಿ ತಲೆ ತಿರುಗಿ ಬಿತ್ತು. ಗೋಡೆಯ ನಡುವೆ ಒಂದು ಕಲ್ಲಿನ ಕೋಣೆ, ಅದೇ ಬಂಕರ್. ಪಡುವಣಕ್ಕೆ ಕಣ್ಣಿಡೋಕೆ ಒಂದು ತೂತು, ಮೂಡಣಕ್ಕೆ ಒಳಗೆ ಹೋಗೋಕೆ ಒಂದು ಬಾಗಿಲು, ಒಳಗೆ ಒಂದು ಒಲೆ. ಅಡುಗೆ ಮಾಡಿದ ಕೈ ಅಲ್ಲವೇ, ಒಲೆ ಇಲ್ಲದ ಬಂಕರ್ ಅವನ ಕಲ್ಪನೆಗೇ ಬರಲಿಲ್ಲ. ಚಂದ್ರಮೋಹನ್ ಗೋಡೆಗೆ ಸೆಲ್ಯೂಟ್ ಹೊಡೆದ. ಸೀರೆಗಳನ್ನು ಬಿಚ್ಚಿಸಿದ. ಕೂದಲ ಚೀಲವನ್ನು ಅಟ್ಟಕ್ಕೆ ಎಸೆಯಿಸಿದ.

ನಾಗರಪಂಚಮಿ ಬಂತು. ಆ ಹಬ್ಬಕ್ಕೆ ತಮ್ಮ ಬಂದು ಅಕ್ಕನನ್ನು ತವರಿಗೆ ಕರೆದುಕೊಂಡು ಹೋಗುವುದು ಪದ್ಧತಿ. ಆ ವರ್ಷ ಈಶ್ವರ್ ಬರಲಿಲ್ಲ. ಮೈಲಾರಮ್ಮ ಉಂಡೆ ಕಟ್ಟಿದಳು, ಡಬ್ಬಿಗೆ ಹಾಕಿದಳು, ಡಬ್ಬಿಯ ಮುಚ್ಚಳ ಯಾಕೋ ತುಂಬ ಗಟ್ಟಿಯಾಗಿ ಒತ್ತಿದಳು.

ಶ್ರಾವಣ ಪೂರ್ತಿ ಒಂದು ಹಂದಿಯೂ ಇಲ್ಲ. ಚಂದ್ರಮೋಹನ್‌ನ ಮೀಸೆ ದಿನಕ್ಕೊಂದು ಬೆರಳು ಮೇಲೆದ್ದಿತು. "ಹೆಂಗ್ರಿ ಅತ್ತಿಗಿ?" ಅಂತ ಹೋದಲ್ಲಿ ಬಂದಲ್ಲಿ ಕೇಳುತ್ತಿದ್ದ.

"ಗಿಡಕ್ಕ ಇನ್ನಾ ಕಾಯಿ ಕಚ್ಚಿಲ್ಲಪ್ಪ," ಅನ್ನುತ್ತಿದ್ದಳು ಅವಳು. "ಬರೇ ಸೊಪ್ಪು ತಿನ್ನಾಕ ಹಂದಿ ಏನ್ ಮೇಕಿ ಏನು?"

ಕಾಯಿ ಕಚ್ಚಿತು. ಒಂದು ಬೆಳಗ್ಗೆ ಹೋಗಿ ನೋಡಿದರೆ ಎರಡು ಸಾಲು ಉತ್ತು ಮಲಗಿಸಿದ್ದವು. ಚಂದ್ರಮೋಹನ್ ಗೋಡೆಯ ಕಡೆ ಓಡಿದ. ಈ ತುದಿಯಿಂದ ಆ ತುದಿಗೆ ಕಲ್ಲು ಕಲ್ಲೂ ಮುಟ್ಟಿ ನೋಡಿದ. ಒಂದೂ ಅಲ್ಲಾಡಿಲ್ಲ.

"ಹಂದಿ ಅಲ್ರಿ ಇದು. ಹೆಗ್ಗಣ."

"ಹೆಗ್ಗಣಕ್ಕ ಇಷ್ಟಗಲ ಗೊರಸು ಐತೇನು?"

"ಮಾತಂದ್ರ ಮಾತ್ರಿ. ನನ್ನ ಕಣ್ಣಿಗೆ ಬಿದ್ದಿಲ್ಲ."

ಆಣೆಯ ಮಾತು ಹಾಗೇ ಇದ್ದದ್ದರಿಂದ ಮೈಲಾರಮ್ಮ ಒಪ್ಪಿದಳು. ಅವನು ಗೋಡೆಯ ಮೇಲೆ ಇನ್ನೊಂದು ವರಸೆ ಕಲ್ಲು ಇಟ್ಟ. ಮೇಲೆ ಮುಳ್ಳು ಹಾಸಿದ. ಮರುದಿನ ನಾಲ್ಕು ಸಾಲು ಹೋಗಿತ್ತು. ಮುಳ್ಳಿನ ಮೇಲೆ ಖಾಲಿ ಡಬ್ಬಿ ಕಟ್ಟಿದ. ಆರು ಸಾಲು. ಗೋಡೆ ಮೇಲಕ್ಕೆ ಹೋದಷ್ಟೂ ಶೇಂಗಾ ಕೆಳಗೆ ಹೋಗುತ್ತಿತ್ತು. ಹಂದಿ ಗೋಡೆ ಹಾರುತ್ತದೆಯೇ, ಕೆಳಗೆ ಸುರಂಗ ಕೊರೆಯುತ್ತದೆಯೇ, ರೆಕ್ಕೆ ಬಂದಿದೆಯೇ ಅಂತ ಯೋಚಿಸಿ ಯೋಚಿಸಿ ಅವನ ಮೀಸೆಯ ಎಡತುದಿ ಗಡಿಯಾರದ ಆರೂವರೆಯ ಮುಳ್ಳಿನ ಹಾಗೆ ಜೋತುಬಿತ್ತು.

ಕೊನೆಗೆ ಒಂದು ದಿನ ಬೆಳಗ್ಗೆ ಒಂಬತ್ತಕ್ಕೆ ಅವನು ಬಂಕರಿನಲ್ಲಿ ಕೂತ. ಪಕ್ಕದಲ್ಲಿ ಕ್ಯಾರಿಯರ್, ಅದರಲ್ಲಿ ಮಂಡಕ್ಕಿ ಒಗ್ಗರಣೆ, ಆಗಷ್ಟೇ ಅಲ್ಲಿಯ ಒಲೆಯಲ್ಲೇ ಕರಿದ ಎಂಟು ಮಿರ್ಚಿ. ತೂತಿಗೆ ಕಣ್ಣಿಟ್ಟ. ಎದುರಿಗೆ ಜಾಲಿ, ಜಾಲಿ, ಬರೀ ಜಾಲಿ. ಅರ್ಧ ಗಂಟೆ ರೆಪ್ಪೆ ಮಿಟುಕಿಸಲಿಲ್ಲ. ಹಿಂದಿನಿಂದ ಯಾರೋ ಮಿರ್ಚಿ ತಿನ್ನುವ ಸದ್ದು ಬಂತು.

"ಅತ್ತಿಗಿ, ಮಿರ್ಚಿ ಒಂದೆರಡು ಬಿಡ್ರಿ ನನಗ," ಅಂದ, ಕಣ್ಣು ತೆಗೆಯದೆ.

"ಗುರ್," ಅಂದಿತು ಹಿಂದಿನಿಂದ.

"ಸಿಟ್ಟು ಯಾಕ್ರಿ? ಆತು, ಎಲ್ಲಾ ತಿನ್ರಿ."

"ಗುರ್ರ್."

ಚಂದ್ರಮೋಹನ್ ತಿರುಗಿದ. ಬಂಕರಿನ ಬಾಗಿಲಲ್ಲಿ, ಕ್ಯಾರಿಯರಿನೊಳಗೆ ಮೂತಿ ಇಟ್ಟುಕೊಂಡು, ಎಮ್ಮೆಯ ಕರುವಿನಷ್ಟು ಎತ್ತರದ ಒಂದು ಹೆಣ್ಣು ಹಂದಿ. ಅದರ ಹಿಂದೆ ಗೆರೆ ಗೆರೆ ಮೈಯ ಒಂಬತ್ತು ಮರಿ, ಊಟದ ಪಂಕ್ತಿಯಲ್ಲಿ ಕೂತ ಹಾಗೆ ಸಾಲಾಗಿ.

ಬಂದದ್ದು ಹೊಲದ ಕಡೆಯಿಂದ! ಅವನ ಬೆನ್ನ ಹಿಂದಿನಿಂದ!

ಎಂಟನೆಯ ಮಿರ್ಚಿ ಮುಗಿಸಿದ ಮೇಲೆ ಹಂದಿಗೆ ಖಾರ ಹತ್ತಿತು. ಕಣ್ಣಲ್ಲಿ ನೀರು ಸುರಿಯಿತು. ಒಂದು ಸಲ ಚಂದ್ರಮೋಹನ್‌ನ ಮುಖ ನೋಡಿತು; ಆ ನೋಟದಲ್ಲಿ ಉಪ್ಪು ಸ್ವಲ್ಪ ಕಡಿಮೆ ಅನ್ನುವ ದೂರೂ ಇತ್ತು ಅಂತ ಅವನು ಆಮೇಲೆ ಹೇಳಿದ. ತಿರುಗಿ ನೀರಿಗೆ ಓಡಿತು. ಅವನು ಕೋಲು ಹಿಡಿದು ಹಿಂದೆ ಬಿದ್ದ. ಹಂದಿ ಗೋಡೆಯ ಉದ್ದಕ್ಕೂ ಓಡಿ, ಹಳ್ಳಕ್ಕಿಳಿದು, ಗೋಡೆ ಮುಗಿಯುವ ತುದಿಯನ್ನು ಬಳಸಿ, ಮನೆ ಮೂಲೆ ತಿರುಗಿದಷ್ಟು ಸಲೀಸಾಗಿ ಆಚೆ ಹೋಯಿತು. ಜಾಲಿಯ ಬುಡದಲ್ಲಿ ಹಂದಿಗಳು ಸವೆಸಿದ, ಸುರಂಗದಂಥ ಒಂದು ದಾರಿ. ಇವನೂ ಬಗ್ಗಿ, ಮೀಸೆ ಮಡಚಿ ಹಿಡಿದು, ಅಂಬೆಗಾಲಿಕ್ಕಿ ನುಗ್ಗಿದ.

ಒಳಗೆ ತಲೆ ಎತ್ತಿ ನೋಡಿದರೆ ಊರಿಗೆ ಊರೇ ಇತ್ತು. ಮೇಲೆ ಜಾಲಿಯ ಚಪ್ಪರ, ಕೆಳಗೆ ತಂಪು ಕೆಸರು. ಈ ಕಡೆ ಅವನ ಗೋಡೆ. ಆ ಗೋಡೆಗೆ ಬೆನ್ನು ತಿಕ್ಕಿಕೊಳ್ಳುತ್ತಾ ಹಂದಿಗಳು, ಗೋಡೆಯ ನೆರಳಲ್ಲಿ ಮಲಗಿದ ಹಂದಿಗಳು, ಶೇಂಗಾ ಸಿಪ್ಪೆಯ ಹಾಸಿಗೆ. ಮಿಲಿಟರಿ ಶಿಸ್ತಿನಲ್ಲಿ ಎಣಿಸಿದ: ನಲವತ್ತೊಂದು. ಮೊದಲಾದರೆ ಊರ ನಾಯಿಗಳು ಬದು ಹಾರಿ ಬಂದು ಅಟ್ಟುತ್ತಿದ್ದವು. ಈಗ ನಾಯಿ ದಾಟದಂಥ ಗೋಡೆ. ಬಿಸಿಲುಗಾಳಿ ಇಲ್ಲ, ನಾಯಿ ಇಲ್ಲ, ಕಲ್ಲು ಹೊಡೆಯುವವರಿಲ್ಲ. ಇಪ್ಪತ್ತಾರು ವರ್ಷದಲ್ಲಿ ಇಷ್ಟು ಭದ್ರವಾದ ಕೋಟೆಯನ್ನು ಅವನು ನೋಡಿರಲಿಲ್ಲ. ಒಳಗಿದ್ದವರು ಮಾತ್ರ ಬೇರೆ.

ಇನ್ನೊಂದು ಕಡೆ ತಿರುಗಿದ. ಅಲ್ಲಿಯೂ ಗೋಡೆ! ಅದೇ ಎತ್ತರ, ಅದೇ ದಪ್ಪ, ಅದೇ ವರಸೆ. ನಡುವೆ ಕಣ್ಣಿಡುವ ತೂತು. ತೂತಿನಲ್ಲಿ ಒಂದು ಕಣ್ಣು.

"ಯಾರಲೇ ಅದು!" ಅಂದ ಚಂದ್ರಮೋಹನ್.

"ನೀ ಯಾರಲೇ? ಹಂದಿ ಮೀಸಿ ಬಿಟ್ಟೈತೆ ಅನ್ಕೊಂಡೆ!" ಅಂದಿತು ತೂತು.

"ಇದು ಆಂಧ್ರ ಗಡಿ!"

"ಇದು ಕರ್ನಾಟಕ ಗಡಿ... ಅರೆ, ಬೀಗರಾ? ಚಂದ್ರಣ್ಣ ಏನ್ರಿ?"

ತೂತಿನ ಹಿಂದೆ ಇದ್ದವನು ಈಶ್ವರ್. ಅಕ್ಕನ ಕಡೆಯ ಹಂದಿ ತಡೆಯೋಕೆ ಅವನೂ ಬೇಸಿಗೆಯಲ್ಲೇ ಗೋಡೆ ಕಟ್ಟಿಸಿದ್ದ. ಪೊದೆಯ ಮರೆಯಲ್ಲಿ ಇದು ಅದಕ್ಕೆ ಕಾಣಲಿಲ್ಲ, ಅದು ಇದಕ್ಕೆ ಕಾಣಲಿಲ್ಲ. ಎರಡು ರಾಜ್ಯದ ಎರಡು ಕೋಟೆ ಎದುರುಬದುರು ನಿಂತು, ನಡುವೆ ಹಂದಿಗಳಿಗೆ ಎರಡೂ ಪಕ್ಕದ ಗೋಡೆ ಪುಕ್ಕಟೆ ಸಿಕ್ಕಿತ್ತು. ಒಂದು ದಿನ ಆ ಕಡೆ ಊಟ, ಒಂದು ದಿನ ಈ ಕಡೆ.

ಚಂದ್ರಮೋಹನ್ ಅಂಬೆಗಾಲಲ್ಲೇ ಹೊರಗೆ ಬಂದ. ಮೈಯೆಲ್ಲ ಮುಳ್ಳು, ಕೆಸರು. ಹಳ್ಳದಲ್ಲಿ ಮುಖ ತೊಳೆದುಕೊಂಡು ನೀರಿನಲ್ಲಿ ಮೀಸೆ ನೋಡಿಕೊಂಡ. ಹಂದಿಯನ್ನು ಕಂಡದ್ದು ಅವನೊಬ್ಬನೇ. ಈಶ್ವರ್‌ಗೂ ಅಕ್ಕನಿಗೂ ಮಾತಿಲ್ಲ. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಮೀಸೆ ತಿರುವಿದ. ಇನ್ನೊಮ್ಮೆ ತಿರುವಿದ. ಎದ್ದು ಮನೆಗೆ ನಡೆದ.

ಮೈಲಾರಮ್ಮ ಕಟ್ಟೆಯ ಮೇಲೆ ಮೊರ ಹಿಡಿದು ಕೂತಿದ್ದಳು. "ಏನಾತೋ? ಹಂದಿ ಕಂಡ್ವೇನು?"

ಅವನು ಅಟೆನ್ಷನ್ನಲ್ಲಿ ನಿಂತ. "ಹಂದಿ ಅಲ್ರಿ ಅತ್ತಿಗಿ. ಬಟಾಲಿಯನ್." ನಡೆದದ್ದೆಲ್ಲ ಒಂದೂ ಬಿಡದೆ ಹೇಳಿದ. ಮಿರ್ಚಿ ಕೇಳಿದ್ದನ್ನೂ ಹೇಳಿದ.

ಮೈಲಾರಮ್ಮ ಮೊರ ಪಕ್ಕಕ್ಕಿಟ್ಟು ನಕ್ಕಳು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು. "ಹೋಗ್ಲಿ ಬಿಡೋ ಚಂದ್ರು. ನಾ ಯಾರಿಗೂ ಹೇಳಂಗಿಲ್ಲ. ಇರ್ಲಿ ಮೀಸಿ."

"ಬ್ಯಾಡ್ರಿ. ಬಂದೂಕು ಹಿಡೀಲಿಲ್ಲ, ಖರೇ. ಮಾತು ಹಿಡಿದೀನಿ. ನಾಳಿ ಮಧ್ಯಾಹ್ನ, ಗ್ವಾಡಿ ಮ್ಯಾಲೆ."

ಅದಕ್ಕೆ ಮೊದಲು ಅವಳು ಗೋಡೆಗೆ ಹೋದಳು. ಬಂಕರಿನ ತೂತಿಗೆ ಬಾಯಿಟ್ಟು, "ಈಶಾ!" ಅಂತ ಕೂಗಿದಳು. ಎರಡು ಗೋಡೆ, ನಲವತ್ತು ಅಡಿ ಜಾಲಿ ದಾಟಿ ಉತ್ತರ ಬಂತು: "ಅಕ್ಕಾ?"

"ಪಂಚಮಿಗೆ ಯಾಕ ಬರ್ಲಿಲ್ಲೋ?"

"ಗ್ವಾಡಿ ಕಾಯಾಕ ಯಾರೂ ಇರ್ಲಿಲ್ಲಕ್ಕ."

"ನಿನ್ನ ಗ್ವಾಡಿಗೆ ಬೆಂಕಿ ಹಚ್ಚ! ಉಂಡಿ ಇಟ್ಟೀನಿ, ಕಲ್ಲಾಗ್ಯಾವು."

"ಕಲ್ಲಾದ್ರೂ ತಿಂತೀನಿ ಅಕ್ಕ."

ಚಂದ್ರಮೋಹನ್ ಚಿತ್ತಪ್ಪನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. "ಏನಯ್ಯಾ, ಆ ಕಡಿ ಗ್ವಾಡಿನೂ ನೀನ ಕಟ್ಟಿದ್ದೇನು?"

"ಔದು ಸಾಮಿ. ಅದ್ ಮುಗ್ಸಿ ಒಂದ್ ತಿಂಗ್ಳಿಗೆ ನಿಮ್ದು."

"ಮತ್ತ ಹೇಳಾಕ ಏನಾಗಿತ್ತು?"

"ಯಾರ್ಗೂ ಯೋಳ್ಬ್ಯಾಡ ಅಂದ್ರಿ. ಅವ್ರೂ ಹಂಗೇ ಅಂದ್ರು. ಮಿಲಿಟ್ರಿ ಕೆಲ್ಸ ಅಂತ ನೀವೇ ಅಲ್ವಾ ಅಂದಿದ್ದು? ಅದಿರ್ಲಿ, ಒಂದ್ ಕಲ್ಲಾದ್ರೂ ಬಿದ್ದೈತಾ ಯೋಳಿ ಮತ್ತೆ!"

ಬಿದ್ದಿರಲಿಲ್ಲ. ಅದೇ ತೊಂದರೆಯಾಗಿತ್ತು.

ಮರುದಿನ ಮಧ್ಯಾಹ್ನ ಆ ಕಡೆಯ ಊರು ಆ ಗೋಡೆಯ ಮೇಲೆ, ಈ ಕಡೆಯ ಊರು ಈ ಗೋಡೆಯ ಮೇಲೆ. ರಾಯದುರ್ಗದಿಂದ ಪೆಟ್ಟಿಗೆ ಸಮೇತ ಒಬ್ಬ ಕಟಿಂಗಿನವನನ್ನು ಕರೆಸಿದ್ದರು. ಯಾರು ಅಂತ ಕೇಳಬೇಡಿ. ಮೊದಲೇ ಈ ಕತ್ತರಿಯ ಮೇಲೆ ಆಣೆ ಇಟ್ಟದ್ದು ಸುಮ್ಮನೆ ಅಲ್ಲ. ಚಂದ್ರಮೋಹನ್ ಬಂಕರಿನ ಮೇಲೆ ಸ್ಟೂಲು ಹಾಕಿಸಿ, ಎದೆ ಸೆಟೆಸಿ ಕೂತ. ಕತ್ತರಿ ಎಡಗಡೆ ಮುಗಿಸಿ ಬಲಗಡೆಗೆ ನಡೆದು ಹೋಗಬೇಕಾಯಿತು, ಅಷ್ಟು ದೂರ. ಈಶ್ವರ್‌ಗೆ ಹುಟ್ಟಿದಾಗಿನಿಂದ ಮೀಸೆಯೇ ಸರಿಯಾಗಿ ಬಂದಿರಲಿಲ್ಲ, ಬಚಾವಾದ.

ಮೈಲಾರಮ್ಮ ಸೆರಗಿನಲ್ಲಿ ಮೀಸೆ ಹಿಡಿದುಕೊಂಡಳು. ಬದುವಿನ ಮೇಲೆ ಉದುರಿಸಬೇಕು ಅನ್ನುವಷ್ಟರಲ್ಲಿ ಮೂಡಣ ಗಾಳಿ ಬೀಸಿತು. ಇಪ್ಪತ್ತಾರು ವರ್ಷದ ಮೀಸೆ ಗೋಡೆ ಹಾರಿ ಜಾಲಿಯ ಮೇಲೆ ಇಳಿಯಿತು, ಮಂಜು ಇಳಿದ ಹಾಗೆ.

ಆಮೇಲೆ ಒಳಗಿನಿಂದ ಒಂದು ಸೀನು. ಸಾದಾ ಕೂದಲಲ್ಲ ಅದು, ನೆನಪಿರಲಿ. ಹಿಮ ತಿಂದು, ಮೆಣಸಿನ ಒಗ್ಗರಣೆ ಹೊಗೆ ಕುಡಿದು, ಕೊಬ್ಬರಿ ಎಣ್ಣೆಯಲ್ಲಿ ನೆನೆದ ಮೀಸೆ. ಎರಡನೆಯ ಸೀನು. ಮೂರು, ಹತ್ತು, ನಲವತ್ತು. ನಲವತ್ತೊಂದನೆಯದು ಯಜಮಾನ ಹಂದಿಯದು. ಅದು ಮೂತಿ ಎತ್ತಿ, ಕಣ್ಣು ಮುಚ್ಚಿ, ಎಷ್ಟು ಹೊತ್ತು ತಯಾರಿ ಮಾಡಿತು ಅಂದರೆ ಗೋಡೆಯ ಮೇಲಿದ್ದವರಿಗೇ ಮೂಗು ತುರಿಸಿತು. ಸೀನಿತು ನೋಡಿ! ಚಿತ್ತಪ್ಪನ ಎರಡೂ ಗೋಡೆಗಳು ನಡುವಿನಲ್ಲಿ ಒಂದೇ ಸಲ ಬಾಯಿ ಬಿಟ್ಟವು. ಬಂಕರ್ ಮತ್ತು ಮೇಲಿದ್ದ ಸ್ಟೂಲು ಉಳಿದವು, ಪಕ್ಕದ ಎಂಟು ಅಡಿ ಕಲ್ಲು ಉರುಳಿತು. ಹಂದಿಗಳು ಸೀನುತ್ತಾ ಸೀನುತ್ತಾ ಹಳ್ಳ ಹಿಡಿದು ಓಡಿದವು. ಯಾವ ರಾಜ್ಯಕ್ಕೆ ಹೋದವು ಅಂತ ಇವತ್ತಿಗೂ ಎರಡೂ ಊರಿಗೆ ಜಗಳವಿದೆ. ಹೇಮಾವತಿಯ ಹತ್ತಿರ ಕೆಲಸದಲ್ಲಿದ್ದ ಚಿತ್ತಪ್ಪನಿಗೆ ಆ ಸೀನು ಕೇಳಿಸಿತಂತೆ. "ನನ್ ಗ್ವಾಡೆ ಬಿತ್ತು," ಅಂದನಂತೆ ಕೈಯಲ್ಲಿದ್ದ ಕಲ್ಲಿಗೆ.

ಬಿದ್ದ ಜಾಗವನ್ನು ಯಾರೂ ಕಟ್ಟಲಿಲ್ಲ. ಜಾಲಿ ಕಡಿದು ಅಲ್ಲೇ ದಾರಿ ಮಾಡಿದರು. ಈಶ್ವರ್ ಆ ದಾರಿಯಲ್ಲೇ ಮೊದಲು ಬಂದು, ಕಲ್ಲಾದ ಉಂಡೆಯನ್ನು ಸುತ್ತಿಗೆಯಲ್ಲಿ ಒಡೆದು ತಿಂದ. ಮೈಲಾರಮ್ಮ ಮತ್ತೆ ಸೀರೆ ಕಟ್ಟಿದಳು, ಉಳಿದ ಕಾಯಿ ಚೆನ್ನಾಗಿಯೇ ಬಂತು. ಬಂಕರ್ ಈಗ ಮಿರ್ಚಿ ಅಂಗಡಿ. ಪಡುವಣದ ತೂತಿನಲ್ಲಿ ಕರ್ನಾಟಕಕ್ಕೆ ಮಿರ್ಚಿ, ಮೂಡಣದ ಬಾಗಿಲಲ್ಲಿ ಆಂಧ್ರಕ್ಕೆ ಮಿರ್ಚಿ. ಬೋಳು ತುಟಿಯ ಚಂದ್ರಮೋಹನ್ ಬಾಣಲೆಯ ಮುಂದೆ ನಿಂತರೆ ಜನ "ಸಿಪಾಯಿ, ನನಗ ಎರಡು," "ಸಿಪಾಯಿ, ನನಗ ನಾಕು" ಅಂತ ಕೂಗುತ್ತಾರೆ. ಮೀಸೆ ಇದ್ದಾಗ ಯಾರೂ ಹಾಗೆ ಕರೆದಿರಲಿಲ್ಲ. ಅವನು ಮತ್ತೆ ಮೀಸೆ ಬಿಡಲೂ ಇಲ್ಲ. ಉಪ್ಪು ಮಾತ್ರ ಒಂದು ಚಿಟಿಕೆ ಜಾಸ್ತಿ ಹಾಕುತ್ತಾನೆ.

ಇಷ್ಟೇ ನಡೆದದ್ದು. ಆದರೆ ಹಂದಿಗಳು ಈ ವರ್ಷ ಮತ್ತೆ ಬದುವಿನ ಹತ್ತಿರ ಸುಳಿಯುತ್ತಿವೆಯಂತೆ. ಸಾದಾ ಕೂದಲಿಗೆ ಈಗ ಅವು ಹೆದರುವುದಿಲ್ಲ, ಒಂದು ಸಲ ಒಳ್ಳೆಯ ಮೀಸೆಯ ರುಚಿ ನೋಡಿಬಿಟ್ಟಿವೆ. ಬಾಗಿಲ ಹತ್ತಿರ ಕೂತಿದ್ದಾರಲ್ಲ, ಮಡಿಲಲ್ಲಿ ಚೀಲ ಇಟ್ಟುಕೊಂಡು ನಗುತ್ತಿರುವ ಆಯಮ್ಮ, ಅವರೇ ಮೈಲಾರಮ್ಮ. ನೀವು ಒಳಗೆ ಬಂದಾಗಿನಿಂದ ನಿಮ್ಮ ಮೂಗಿನ ಕೆಳಗೇ ನೋಡುತ್ತಿದ್ದಾರೆ. ಅರೆ, ಅಲ್ಲಾಡಬೇಡಿ ಅಂದೆನಲ್ಲ! ಕನ್ನಡಿ ಆಮೇಲೆ ನೋಡುವಿರಂತೆ. ಎಡಗಡೆಯ ಮೀಸೆ ಯಜಮಾನ ಹಂದಿ ಸೀನಿದ ಮಾತು ಬಂದಾಗಲೇ ಚೀಲಕ್ಕೆ ಹೋಯಿತು. ಇನ್ನು ಬಲಗಡೆಯದೊಂದನ್ನೇ ಇಟ್ಟುಕೊಂಡು ಏನು ಮಾಡುತ್ತೀರಿ? ಸ್ವಲ್ಪ ಈ ಕಡೆ ಮುಖ ತಿರುಗಿಸಿ, ಅದನ್ನೂ ಕೊಟ್ಟುಬಿಡಿ.